ತಿಮಿಂಗಿಲ ಕಳೆದುಕೊಂಡ ಜೀನ್

ಅಂಚೆಟ್ಟಿ ಕಾಡು ದಾಟಿ ಕಾವೇರಿ ದಡಕ್ಕೆ ಹೋದರೆ, ಅದೃಷ್ಟವಿದ್ದವರಿಗೆ ನೀರುನಾಯಿಗಳ ಗುಂಪು ಕಾಣುತ್ತದೆ. 2022ರಲ್ಲಿ ಘೋಷಣೆಯಾದ ಕಾವೇರಿ ದಕ್ಷಿಣ ವನ್ಯಜೀವಿಧಾಮದ ನಿವಾಸಿಗಳಿವು. ಬೆರಳುಗಳ ನಡುವೆ ಜಾಲಪೊರೆ, ಮೈತುಂಬ ಒತ್ತಾದ ತುಪ್ಪಳ. ಮೀನು ಹಿಡಿಯುವುದು ನೀರಿನಲ್ಲಿ, ಮರಿ ಸಾಕುವುದು ದಡದ ಬಿಲದಲ್ಲಿ.

ನೀರುನಾಯಿಯದು ಅರ್ಧ ನೀರಿನ ಬದುಕಾದರೆ, ಪೂರ್ತಿ ನೀರಿಗಿಳಿದದ್ದು ತಿಮಿಂಗಿಲ. ಸುಮಾರು 5 ಕೋಟಿ ವರ್ಷಗಳ ಹಿಂದೆ ಅದರ ಪೂರ್ವಜರು ನಾಲ್ಕು ಕಾಲಲ್ಲಿ ನಡೆಯುತ್ತಿದ್ದರು. ಹೊಂದಿಕೊಳ್ಳುವುದೆಂದರೆ ಹೊಸದನ್ನು ಗಳಿಸುವುದು ಎಂದುಕೊಳ್ಳುತ್ತೇವೆ. ತಿಮಿಂಗಿಲ ಕಳೆದುಕೊಂಡದ್ದೂ ಬಹಳ. ವಾಸನೆ ಹಿಡಿಯುವ, ಕೂದಲು ಬೆಳೆಸುವ ಎಷ್ಟೋ ಜೀನ್‌ಗಳು ಅದರಲ್ಲಿ ಕೆಟ್ಟುಹೋಗಿವೆ. ನೆಲದ ಮೇಲಾದರೆ ಅಂಥ ಪ್ರಾಣಿ ಬದುಕಿನಲ್ಲಿ ಹಿಂದೆ ಬೀಳುತ್ತಿತ್ತು. ನೀರಿನಲ್ಲಿ ಅದರಿಂದ ತೊಂದರೆಯಾಗಲಿಲ್ಲ. ಕೆಟ್ಟದ್ದು ಹಾಗೇ ಪೀಳಿಗೆಯಿಂದ ಪೀಳಿಗೆಗೆ ಸಾಗಿತು.

ಹೀಗೆ ಕೆಟ್ಟವುಗಳಲ್ಲಿ ನಮ್ಮ ಹೊಸೂರು ಸೀಮೆಯವರು ಗಮನಿಸಬೇಕಾದದ್ದು ಪಿಒಎನ್1 ಎಂಬ ಜೀನ್. ಅದು ತಯಾರಿಸುವ ಕಿಣ್ವ ನಮ್ಮ ರಕ್ತದಲ್ಲಿದ್ದು, ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕದ ವಿಷವನ್ನು ಒಡೆಯುತ್ತದೆ. ತಿಮಿಂಗಿಲ, ಡಾಲ್ಫಿನ್‌ಗಳ ವಂಶದಲ್ಲೂ ಕಡಲಹಸುಗಳ ವಂಶದಲ್ಲೂ ಈ ಜೀನ್ ಬೇರೆಬೇರೆಯಾಗಿಯೇ ಕೆಟ್ಟಿದೆ ಎಂದು 2018ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಮುಂದೊಂದು ದಿನ ಮನುಷ್ಯ ಹೊಲಕ್ಕೆ ವಿಷ ಹೊಡೆಯುತ್ತಾನೆಂದು ಪಾಪ, ಅವಕ್ಕೇನು ಗೊತ್ತು! ಒಮ್ಮೆ ಹೀಗೆ ಹಾಳಾದ ಜೀನ್ ಮತ್ತೆ ಸರಿಯಾಗುವುದು ಕನಸಿನ ಮಾತು.

ಇಲ್ಲಿ ಹರಿಯುವ ದಕ್ಷಿಣ ಪಿನಾಕಿನಿ ಕಡಲೂರಿನ ಬಳಿ ಸಮುದ್ರ ಸೇರುತ್ತದೆ; ನಮ್ಮ ಹಳ್ಳಕ್ಕಿಳಿದ ವಿಷವೂ ಅದರೊಂದಿಗೆ ಅಲ್ಲಿಗೆ ತಲುಪಬಹುದು. ಟೊಮೆಟೊಗೆ, ಗುಲಾಬಿಗೆ ಔಷಧಿ ಹೊಡೆಯುವ ರೈತಬಾಂಧವರೇ, ಕೆಲಸ ಮುಗಿದ ಮೇಲೆ ಸ್ಪ್ರೇಯರನ್ನು ಹಳ್ಳದಲ್ಲಿ, ಕೆರೆಯಲ್ಲಿ ತೊಳೆಯಬೇಡಿ.