ತಾಳೆಯಾಗದ ತೊಂಬತ್ತು ರೂಪಾಯಿ



ಪಿಯುಸಿಯಲ್ಲಿ ವಾಣಿಜ್ಯ ಓದುವ ಮಕ್ಕಳಿರುವ ಮನೆಗೆ ಇದು ಹೊಸದಲ್ಲ. ತಾಳೆಪಟ್ಟಿಯ ಲೆಕ್ಕ, ಡೆಬಿಟ್ಟಿಗೂ ಕ್ರೆಡಿಟ್ಟಿಗೂ 90 ರೂಪಾಯಿ ವ್ಯತ್ಯಾಸ. ಹುಡುಗ ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ನೋಡಿ, ಎಲ್ಲೋ ಒಂದು ಅಂಕಿ ತಿದ್ದಿ, ಎರಡೂ ಬದಿ ಸರಿದೂಗಿಸಿ ಮಲಗಿಬಿಡುತ್ತಾನೆ. ನನಗೆ ನೋವಾಗುವುದು ಇಲ್ಲಿಯೇ.

ಆ ತೊಂಬತ್ತೇ ಸುಳಿವಾಗಿತ್ತಲ್ಲ! ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು: 540 ಬರೆಯಬೇಕಾದಲ್ಲಿ 450. ಇಲ್ಲವೇ ಅದರ ಅರ್ಧ, 45 ರೂಪಾಯಿಯ ನಮೂದೊಂದು ತಪ್ಪು ಬದಿಗೆ ಹೋಗಿ ಕೂತಿರಬಹುದು. ಹೀಗೆ ಬೆನ್ನುಹತ್ತಿ ಹುಡುಕುವಾಗಲೇ ಪ್ರತಿ ಖಾತೆಯ ಸ್ವಭಾವ ಮನಸ್ಸಿಗೆ ಇಳಿಯುತ್ತದೆ.

ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯೆಂದೂ ಅಲ್ಲ. ಒಂದು ಮಾರಾಟವನ್ನು ಬರೆಯಲೇ ಮರೆತರೂ ಎರಡೂ ಬದಿ ಸಮವಾಗಿರುತ್ತವೆ. ಯಂತ್ರ ಕೊಂಡ ಹಣವನ್ನು ದುರಸ್ತಿ ಖರ್ಚಿಗೆ ಸೇರಿಸಿದರೂ ಅಷ್ಟೇ. ಲಾಭ ಮಾತ್ರ ಸುಳ್ಳಾಗುತ್ತದೆ.

ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎರಡೂ ಬದಿಗೆ ಬರೆಯುವ ಈ ಜೋಡಿ ನಮೂದು ಪದ್ಧತಿಯ ವಿವರಣೆಯನ್ನು ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದರು. ಅದಕ್ಕೂ ಬಹಳ ಹಿಂದೆ, 9ನೇ ಶತಮಾನದಲ್ಲಿ, ನಮ್ಮ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳನ್ನು ಬಿಡಿಸಲು ಕೊಟ್ಟಿದ್ದರು. ಬಿಡಿಸಿಯೇ ಕಲಿಯಬೇಕಾದ ವಿದ್ಯೆ ಇದು.

ಇಂದು ಸಂಜೆ ನಿಮ್ಮ ಮನೆಯ ಮಗುವಿನ ಲೆಕ್ಕ ತಾಳೆಯಾಗದಿದ್ದರೆ ದಯವಿಟ್ಟು ಉತ್ತರ ಹೇಳಿಕೊಡಬೇಡಿ. ಪಕ್ಕದಲ್ಲಿ ಕೂತು, ‘ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡು ಕಂದಾ’ ಎನ್ನಿ.