ಮೆಟ್ಟಿಲಿಲ್ಲದ ಮಂದ್ರ

ಕಾವೇರಿ ನದಿಯು ಕೃಷ್ಣರಾಜನಗರದ ಸೀಮೆಯಲ್ಲಿ ಹರಿದು ಬರುವಾಗ ಚುಂಚನಕಟ್ಟೆಯ ಬಳಿ ಬಂಡೆಗಳ ಮೇಲಿಂದ ಸುಮಾರು 60 ಅಡಿ ಕೆಳಕ್ಕೆ ಧುಮುಕುತ್ತದೆ. ದಡದಲ್ಲಿಯೇ ಕೋದಂಡರಾಮನ ದೇವಾಲಯ. ಮಳೆಗಾಲದಲ್ಲಿ ಪ್ರಾಕಾರದ ತುಂಬ ಜಲಪಾತದ ಮೊರೆತ. ಗರ್ಭಗುಡಿಯೊಳಗೆ ಮಾತ್ರ ಅದು ಕೇಳಿಸುವುದಿಲ್ಲವೆಂದು ಇಲ್ಲಿಯ ಜನ ಹೇಳುತ್ತಾರೆ. ಸ್ಥಳಪುರಾಣವು ಅದಕ್ಕೆ ತನ್ನದೇ ಆದ ಕಾರಣವನ್ನು ಕೊಡುತ್ತದೆ. ಪುರಾಣದ ಮಾತು ಹಾಗಿರಲಿ. ಊರಿನಲ್ಲಿ ವಾಸಿಸುವವರಿಗೆ ಆ ಮೊರೆತ ಎಷ್ಟು ರೂಢಿಯಾಗಿದೆಯೆಂದರೆ, ಅದು ಇರುವಷ್ಟು ಹೊತ್ತೂ ಅವರ ಗಮನಕ್ಕೆ ಬಾರದು. ಇಲ್ಲವಾದಾಗಲೇ ಕಿವಿ ನಿಮಿರುತ್ತದೆ. ಸಂಗೀತದಲ್ಲಿ ಮಂದ್ರ ಧ್ವನಿಯ ಪಾಡೂ ಇದೇ.

ಈ ಮಂದ್ರದ ಕೆಲಸವನ್ನೇ ನಾನು ನಲವತ್ತು ವರ್ಷಗಳ ಕಾಲ ಮಾಡಿದೆ. ನನ್ನ ವಾದ್ಯ ಬೇಸ್ ಗಿಟಾರ್. ನಾಲ್ಕು ದಪ್ಪ ತಂತಿ, ಉದ್ದವಾದ ಕೊರಳು. ವಿದ್ಯುತ್ತಿನ ನೆರವಿಲ್ಲದೆ ಅದರ ಧ್ವನಿ ಹತ್ತಡಿಯಾಚೆಗೂ ಸರಿಯಾಗಿ ಮುಟ್ಟದು. ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಮನುಷ್ಯನ ಕಿವಿಗೆ ನಿಲುಕುವ ಶಬ್ದ ಸುಮಾರು 20 ಕಂಪನಗಳಿಂದ ತೊಡಗುತ್ತದೆ ಎಂಬುದನ್ನು ನೆನೆದರೆ, ಈ ವಾದ್ಯ ಶ್ರವಣದ ನೆಲಮಾಳಿಗೆಗೆ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸುತ್ತಿನ ಗಣಪತಿ ಉತ್ಸವಗಳಲ್ಲಿ, ಮದುವೆಗಳಲ್ಲಿ, ಜಾತ್ರೆಗಳಲ್ಲಿ ವಾದ್ಯಗೋಷ್ಠಿಯವರಿಗೆ ಬಿಡುವಿಲ್ಲದ ಕಾಲವೊಂದಿತ್ತು. 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರ ಬಂತು. ಅದಕ್ಕೆ ಸಂಗೀತ ನೀಡಿದ ಇಳಯರಾಜ ಅವರು ಬೇಸ್ ಗಿಟಾರಿಗೆ ಹಾಡಿನೊಳಗೇ ಒಂದು ನಡೆಯನ್ನು ಕೊಟ್ಟಿದ್ದರು. ಅದುವರೆಗೆ ತಾಳದ ಹಿಂದೆ ನಡೆಯುತ್ತಿದ್ದ ಸೇವಕ, ಹಾಡಿನ ಪಕ್ಕದಲ್ಲಿ ನಡೆಯತೊಡಗಿದಂತಾಯಿತು. ಆ ಹಾಡುಗಳನ್ನು ನುಡಿಸಬಲ್ಲವನನ್ನು ಊರೂರಿನವರು ಹುಡುಕುತ್ತಿದ್ದರು.

ನಾನು ಅಷ್ಟು ವರ್ಷ ನುಡಿಸಿದ್ದು ಫ್ರೆಟ್‌ಗಳಿರುವ ಬೇಸನ್ನು. ವೀಣೆಯ ಮೇಲಿನ ಮೆಟ್ಟಿಲುಗಳನ್ನು ನೋಡಿದವರಿಗೆ ಫ್ರೆಟ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬಾತ 1951ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಬೇಸಿಗೆ ‘ಪ್ರಿಸಿಷನ್’ ಎಂದು ಹೆಸರಿಟ್ಟ, ನಿಖರತೆ ಎಂದರ್ಥ. ಅದಕ್ಕೆ ಮೊದಲು ಮಂದ್ರಕ್ಕಾಗಿ ಬಳಸುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದರಲ್ಲಿ ಮೆಟ್ಟಿಲುಗಳಿಲ್ಲ, ಸ್ವರದ ಜಾಗವನ್ನು ಬೆರಳೇ ಹುಡುಕಬೇಕು. ಫೆಂಡರನ ವಾದ್ಯದಲ್ಲಿ ಲೋಹದ ಪಟ್ಟಿಗಳು ಆ ಹುಡುಕಾಟವನ್ನು ತಪ್ಪಿಸಿದವು. ಎರಡು ಪಟ್ಟಿಗಳ ನಡುವೆ ಎಲ್ಲಿ ಒತ್ತಿದರೂ ಬರುವುದು ಒಂದೇ ಸ್ವರ. ನಡುರಾತ್ರಿಯ ಮಂಜಿನಲ್ಲಿ, ಮರಗಟ್ಟಿದ ಬೆರಳುಗಳಿಂದ, ಅರೆಗತ್ತಲಿನ ವೇದಿಕೆಯ ಮೇಲೆ ನುಡಿಸುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಯಾವುದಿದ್ದೀತು?

ಕಾಲಕ್ರಮದಲ್ಲಿ ವಾದ್ಯಗೋಷ್ಠಿಗಳ ಸ್ವರೂಪ ಬದಲಾಯಿತು. ಕೀಬೋರ್ಡಿನವನ ಎಡಗೈಯೇ ಮಂದ್ರವನ್ನು ಒದಗಿಸತೊಡಗಿತು. ಮೊದಲೇ ಮುದ್ರಿಸಿಟ್ಟ ವಾದ್ಯಘೋಷದೊಡನೆ ಹಾಡುವ ಪದ್ಧತಿಯೂ ಬಂತು. ನನಗೆ ಉಳಿದದ್ದು ಸುಗಮ ಸಂಗೀತದ ಸಣ್ಣ ಬೈಠಕ್ಕುಗಳು: ಒಂದು ಹಾರ್ಮೋನಿಯಂ, ಒಂದು ತಬಲ, ಒಬ್ಬರು ಗಾಯಕರು, ನಾನು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರಂಥವರು ಬೆಳೆಸಿದ ಭಾವಗೀತೆಗಳ ಗಾಯನದಲ್ಲಿ ಸ್ವರವೆಂಬುದು ನಿಂತ ಬಿಂದುವಲ್ಲ. ಗಾಯಕರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾ ಹೋಗುತ್ತಾರೆ. ಕವಿತೆಯ ಅರ್ಥ ಎಷ್ಟೋ ವೇಳೆ ಆ ಜಾರಿನಲ್ಲಿಯೇ ಇರುತ್ತದೆ. ಅಂಥ ಕಡೆ ನನ್ನ ಬೇಸು ಮೆಟ್ಟಿಲು ಮೆಟ್ಟಿಲಾಗಿ ಹೆಜ್ಜೆ ಹಾಕುವುದು, ಹರಿಯುವ ನೀರಿನ ಪಕ್ಕದಲ್ಲಿ ಕಲ್ಲು ಜೋಡಿಸಿದಂತೆ ಕೇಳಿಸುತ್ತಿತ್ತು. ವೀಣೆಯಲ್ಲಿಯೂ ಮೆಟ್ಟಿಲುಗಳಿವೆಯಲ್ಲ ಎಂದು ನೀವು ಕೇಳಬಹುದು. ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳ ಮೇಲೆ ವೈಣಿಕರು ತಂತಿಯನ್ನು ಪಕ್ಕಕ್ಕೆ ಎಳೆದು ಗಮಕವನ್ನು ಹುಟ್ಟಿಸುತ್ತಾರೆ. ಬೇಸಿನ ದಪ್ಪ ತಂತಿ ಅಷ್ಟು ಎಳೆತಕ್ಕೆ ಬಗ್ಗುವುದಿಲ್ಲ.

ಆದುದರಿಂದ ಅರವತ್ತು ದಾಟಿದ ಮೇಲೆ ನಾನು ಫ್ರೆಟ್ ಇಲ್ಲದ ಬೇಸನ್ನು ಕೊಂಡೆ. ಇದೇನೂ ಹೊಸ ಸೃಷ್ಟಿಯಲ್ಲ. ಆಂಪೆಗ್ ಎಂಬ ಸಂಸ್ಥೆ 1966ರಲ್ಲಿಯೇ ಅಂಥದನ್ನು ತಯಾರಿಸಿತ್ತು. 1976ರಲ್ಲಿ ಜಾಕೊ ಪಾಸ್ಟೋರಿಯಸ್ ಎಂಬ ಅಮೆರಿಕದ ವಾದಕ ತನ್ನ ಮೊದಲ ಧ್ವನಿಮುದ್ರಿಕೆಯಲ್ಲಿ, ಈ ವಾದ್ಯ ಮನುಷ್ಯಕಂಠದಂತೆ ಹಾಡಬಲ್ಲದೆಂದು ಲೋಕಕ್ಕೆ ತೋರಿಸಿಕೊಟ್ಟ. ತಂತಿ ನೇರವಾಗಿ ಮರಕ್ಕೆ ತಾಗುವುದರಿಂದ ಸ್ವರವು ಥಟ್ಟನೆ ಸಿಡಿಯದೆ ಮೊಗ್ಗು ಬಿರಿದಂತೆ ಅರಳುತ್ತದೆ.

ಆದರೆ ಆ ಅರಳುವಿಕೆಗೆ ತೆರಬೇಕಾದ ಬೆಲೆ ಸಣ್ಣದಲ್ಲ. ನನ್ನ ಬೇಸಿನ ತಂತಿಯ ಉದ್ದ 34 ಅಂಗುಲ. ಕೊರಳಿನ ತುದಿಯಲ್ಲಿ ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ಸುಮಾರು ಎರಡಂಗುಲದ ಅಂತರ; ತಂತಿಯ ನಡುವಿಗೆ ಬರುವ ಹೊತ್ತಿಗೆ ಅದು ಒಂದಂಗುಲವಾಗುತ್ತದೆ. ಹಿಂದೆ ಪಟ್ಟಿಯ ಹಿಂಬದಿಯಲ್ಲಿ ಒತ್ತಿದರೆ ಸಾಕಾಗಿತ್ತು; ಈಗ ಪಟ್ಟಿ ಇರಬೇಕಾಗಿದ್ದ ಜಾಗದ ಮೇಲೆಯೇ ಬೆರಳು ಕೂರಬೇಕು. ಕೂದಲೆಳೆಯಷ್ಟು ಸರಿದರೂ ಶ್ರುತಿ ಕದಲುತ್ತದೆ. ಮಂದ್ರ ಕದಲಿದರೆ ಮೇಲಿನ ಕಟ್ಟಡವೆಲ್ಲ ವಾಲುತ್ತದೆ. ಎರಡು ವರ್ಷ ನಾನು ಕರೆಗಳನ್ನು ಕಡಿಮೆ ಮಾಡಿಕೊಂಡು ದಿನವೂ ತಂಬೂರಿಯ ಶ್ರುತಿಗೆ ಒಂದೊಂದೇ ಸ್ವರವನ್ನು ಹಿಡಿದು ಸಾಧನೆ ಮಾಡಿದೆ. ಸಂಪಾದನೆ ಇಳಿಯಿತು. “ನುಡಿಸುವುದಕ್ಕೆ ಇನ್ನೆಷ್ಟು ವರ್ಷ ಉಳಿದಿದೆ ಅಂತ ಸ್ವಾಮಿ, ಈಗ ಅ ಆ ಇ ಈ ತಿದ್ದೋದಕ್ಕೆ ಕೂತಿದ್ದೀರಿ?” ಎಂದು ಜೊತೆಯ ತಬಲಾವಾದಕರೊಬ್ಬರು ಕೇಳಿದರು. ಅದು ಪರಿಹಾಸ್ಯವಾಗಿರಲಿಲ್ಲ, ಲೆಕ್ಕ ಬಲ್ಲವರು ಕೇಳಬೇಕಾದ ಪ್ರಶ್ನೆಯೇ ಆಗಿತ್ತು.

ಉತ್ತರ ಹುಡುಕುವಾಗ ನನಗೆ ನೆನಪಾದವರು ನಮ್ಮ ಜಿಲ್ಲೆಯವರೇ ಆದ ಪಿಟೀಲು ಚೌಡಯ್ಯನವರು. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದ ಅವರು ನಾಲ್ಕು ತಂತಿಯ ಪಿಟೀಲಿನಲ್ಲಿ ಅದಾಗಲೇ ಹೆಸರು ಗಳಿಸಿದ್ದರು. ಆಗ ಧ್ವನಿವರ್ಧಕಗಳ ಬಳಕೆಯಿರಲಿಲ್ಲ. ಸಭೆಯ ಕೊನೆಯ ಸಾಲಿನವರಿಗೆ ಪಿಟೀಲಿನ ನಾದ ಸರಿಯಾಗಿ ತಲುಪುತ್ತಿರಲಿಲ್ಲ. 1920ರ ದಶಕದ ಕೊನೆಯ ಭಾಗದಲ್ಲಿ ಅವರು ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಕೈಗೆತ್ತಿಕೊಂಡರು. ಕೈಗೆ ಹತ್ತಿದ ವಾದ್ಯವನ್ನು ಬಿಟ್ಟು, ಶ್ರುತಿ ಮಾಡುವ ಕಷ್ಟವನ್ನೂ ಕಮಾನಿನ ಭಾರವನ್ನೂ ತಾವಾಗಿಯೇ ಹೆಚ್ಚಿಸಿಕೊಂಡರು. ಅದು ಕೇಳುಗರಿಗಾಗಿ ಮಾಡಿದ ಆಯ್ಕೆ.

ಮುಂದೆ ನಡೆದದ್ದು ಇನ್ನೂ ಯೋಚನೆಗೆ ತಕ್ಕದ್ದು. ಧ್ವನಿವರ್ಧಕ ಬಂತು. ಕೊನೆಯ ಸಾಲಿಗೂ ನಾಲ್ಕು ತಂತಿಯೇ ಸಾಕೆನ್ನುವ ಕಾಲ ಬಂತು. ಏಳು ತಂತಿಯನ್ನು ಹಿಡಿಯುವಂತೆ ಮಾಡಿದ ಕಾರಣವೇ ಅಳಿಯಿತು. ಚೌಡಯ್ಯನವರು ಮಾತ್ರ ಅದನ್ನು ಬಿಡಲಿಲ್ಲ. 1957ರಲ್ಲಿ ಸಂಗೀತ ಕಲಾನಿಧಿ ಬಿರುದು ಬಂದಾಗಲೂ, 1967ರಲ್ಲಿ ತೀರಿಕೊಂಡ ಮೇಲೂ ಜನ ಅವರನ್ನು ನೆನೆದದ್ದು ಏಳು ತಂತಿಯೊಡನೆಯೇ. ಬೆಂಗಳೂರಿನಲ್ಲಿ ಅವರ ಸ್ಮಾರಕಭವನವನ್ನೂ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದರು. ಹೆಚ್ಚು ದೂರ ಕೇಳಿಸಲೆಂದು ಹಿಡಿದ ವಾದ್ಯ, ಆ ಹೊತ್ತಿಗೆ ಅವರ ದನಿಯೇ ಆಗಿಬಿಟ್ಟಿತ್ತು.

ಇದರಿಂದ ನಾನು ತಿಳಿದದ್ದು ಇಷ್ಟು: ಒಂದನ್ನು ಆರಿಸಿಕೊಳ್ಳುವುದಕ್ಕೆ ಇರುವ ಕಾರಣ ಬೇರೆ, ಉಳಿಸಿಕೊಳ್ಳುವುದಕ್ಕೆ ಇರುವ ಕಾರಣ ಬೇರೆ. ಮೊದಲನೆಯದನ್ನು ಬಾಯಿಬಿಟ್ಟು ಹೇಳಬಹುದು, ಲೆಕ್ಕ ಹಾಕಬಹುದು. ಎರಡನೆಯದು ನುಡಿಸುತ್ತ ನುಡಿಸುತ್ತ ಹುಟ್ಟತಕ್ಕದ್ದು. ಗಾಯಕರ ಜಾರಿಗೆ ಹೊಂದಲೆಂದು ನಾನು ಮೆಟ್ಟಿಲಿಲ್ಲದ ಬೇಸನ್ನು ಆರಿಸಿಕೊಂಡೆ. ನಾಳೆ ಯಾರೂ ನನ್ನನ್ನು ಬೈಠಕ್ಕಿಗೆ ಕರೆಯದಿದ್ದರೂ ಅದನ್ನು ಕೆಳಗಿಡಲಾರೆ. ಫ್ರೆಟ್‌ಗಳಿದ್ದಾಗ ಸ್ವರ ಸರಿಯಾಗಿದೆಯೆಂಬ ಭರವಸೆಯನ್ನು ಲೋಹ ಕೊಡುತ್ತಿತ್ತು, ನಾನು ಎಣಿಸುತ್ತಿದ್ದೆ. ಈಗ ಪ್ರತಿ ಸ್ವರಕ್ಕೂ ಕಿವಿಯೇ ಹೊಣೆ. ಗಾಯಕರು ಉಸಿರೆಳೆದುಕೊಳ್ಳುವುದೂ, ತಬಲದ ಎಡಭಾಗ ಎಳೆಯುವ ಗುಂಜೂ ನನಗೆ ಕೇಳುತ್ತವೆ.

ವಯಸ್ಸಾಗುತ್ತ ಹೋದಂತೆ ನಮ್ಮ ಕಿವಿಗೆ ಮೊದಲು ಮಸುಕಾಗುವುದು ತಾರಸ್ಥಾಯಿಯ ಧ್ವನಿಗಳೆಂದು ವೈದ್ಯರು ಹೇಳುತ್ತಾರೆ. ಕೆಳಗಿನ ಧ್ವನಿಗಳು ಬಹುಕಾಲ ಉಳಿಯುತ್ತವಂತೆ. ಮಂದ್ರದವನಿಗೆ ಇದು ಸಮಾಧಾನದ ಮಾತು. ಹಳೆಯ ಬೇಸನ್ನು ನಾನು ಮಾರಿಲ್ಲ. ಚುಂಚನಕಟ್ಟೆಯ ದನಗಳ ಜಾತ್ರೆಗೋ ಗಣಪತಿ ಉತ್ಸವಕ್ಕೋ ಯಾರಾದರೂ ಕರೆದರೆ ಅದನ್ನೇ ಒರೆಸಿ ಒಯ್ಯುತ್ತೇನೆ. ಬಯಲಿನ ಗದ್ದಲಕ್ಕೆ ಅದೇ ಸರಿ. ಆ ತಬಲಾವಾದಕರು ಈಚೆಗೆ ಇನ್ನೆಷ್ಟು ವರ್ಷವೆಂದು ಕೇಳುವುದಿಲ್ಲ. ಶ್ರುತಿ ಸೇರಿಸುವಾಗ ತಮ್ಮ ತಬಲವನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿಕೊಂಡು ಕುಳಿತುಕೊಳ್ಳುತ್ತಾರೆ.