ಪಲಾಡಿನ್ ಸಾಕು, ಕಾವಾಡಿ ಬರಲಿ

(ಸರಗೂರಿನಲ್ಲಿ ಸೇರಿದ್ದ ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಭಾಷೆಯ ವಿಚಾರ ಮಾತಾಡಲು ಕರೆದರೆ ಈತ ಕಂಪ್ಯೂಟರ್ ಆಟದ ವಿಚಾರ ತೆಗೆದನಲ್ಲ ಎಂದು ಮುಂದಿನ ಸಾಲಿನ ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. ಅವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ರಮ್ಮಿ ಆಟದ ವಕಾಲತ್ತು ವಹಿಸಿ ಬಂದಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿ ನಿಷೇಧಿಸಿದೆ. ಅದು ಬೇರೆ ಪೀಡೆ. ನಾನು ಹೇಳುತ್ತಿರುವುದು ಪಾತ್ರ ವಹಿಸಿ ಆಡುವ ಆಟ. ನಮ್ಮ ಊರುಗಳಲ್ಲಿ ಕುರುಕ್ಷೇತ್ರ ನಾಟಕ ಆಡುತ್ತೇವಲ್ಲ, ಒಬ್ಬ ಭೀಮನ ಪಾರ್ಟು, ಒಬ್ಬ ಶಕುನಿಯ ಪಾರ್ಟು, ಹಾಗೆ. ವ್ಯತ್ಯಾಸ ಇಷ್ಟೇ: ಇಲ್ಲಿ ರಂಗ ಕಂಪ್ಯೂಟರ್ ಒಳಗಿದೆ, ಸಾವಿರಾರು ಜನ ಏಕಕಾಲಕ್ಕೆ ಪಾರ್ಟು ಮಾಡುತ್ತಾರೆ, ಮಾತನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. (ದುಡ್ಡು ಹೆಚ್ಚು ಕೊಟ್ಟವನಿಗೆ ದುರ್ಯೋಧನನ ಪಾರ್ಟು ಕೊಡುವ ಚಾಳಿ ಎರಡೂ ಕಡೆ ಇದೆ, ಅದನ್ನು ಬಿಡಿ.)

ಇಂಥ ಆಟಕ್ಕೆ ಹೊಕ್ಕ ತಕ್ಷಣ ಅದು ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ, ‘ನೀನು ಯಾರು?’ ಉತ್ತರವನ್ನು ನೀವು ಬರೆಯುವಂತಿಲ್ಲ. ಅವರು ಕೊಟ್ಟ ಪಟ್ಟಿಯಲ್ಲಿ ಒಂದನ್ನು ಒತ್ತಬೇಕು. ಇದಕ್ಕೆ ಕ್ಲಾಸ್ ಎನ್ನುತ್ತಾರೆ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಪಟ್ಟಿ ಕೇಳಿ: ವಾರಿಯರ್, ಮೇಜ್, ಪ್ರೀಸ್ಟ್, ರೋಗ್, ಹಂಟರ್, ಪಲಾಡಿನ್, ಡ್ರೂಯಿಡ್, ವಾರ್‌ಲಾಕ್, ಶಾಮನ್. ಒಂಬತ್ತು. ಪಲಾಡಿನ್ ಅಂದರೆ ಯಾರು ಸ್ವಾಮಿ? ಫ್ರಾಂಕರ ದೊರೆ ಶಾರ್ಲಮೇನನ ಆಪ್ತವೀರರು. ಡ್ರೂಯಿಡ್? ಕೆಲ್ಟ್ ಜನರ ಪುರೋಹಿತರು. ಅಂದರೆ ಅವರು ತಮ್ಮ ಅಜ್ಜಿ ಕಥೆಯನ್ನು ಆಟ ಮಾಡಿದ್ದಾರೆ. ತಪ್ಪೇನು? ತಪ್ಪಿಲ್ಲ. ಅವರ ಅಜ್ಜಿ, ಅವರ ಕಥೆ. ನಮ್ಮ ಅಜ್ಜಿ ಎಲ್ಲಿ ಹೋದಳು? ಇದು ನನ್ನ ಪ್ರಶ್ನೆ.

ಅಂಗಡಿ ಬೋರ್ಡಿನಲ್ಲಿ ಕನ್ನಡವಿಲ್ಲದಿದ್ದರೆ ಬೀದಿಗಿಳಿಯುವ ನಾವು, ನಮ್ಮ ಹುಡುಗ ದಿನಕ್ಕೆ ನಾಲ್ಕು ಗಂಟೆ ವಾಸ ಮಾಡುವ ಲೋಕದಲ್ಲಿ ಒಂದೇ ಒಂದು ಕನ್ನಡದ ಹೆಸರಿಲ್ಲದಿರುವುದನ್ನು ಗಮನಿಸಿಯೇ ಇಲ್ಲ. ನಮ್ಮಲ್ಲಿ ಕೈಚಳಕ ಇಲ್ಲವೇ? ಇದೆ! ಭಾರತದ ಮೊದಲ ಗೇಮ್ ಕಂಪನಿಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಚಿತ್ರ ಬಿಡಿಸಿಕೊಟ್ಟು ಹೆಸರು ಮಾಡಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ಕುಂಚ ನಮ್ಮದು, ಗೋಡೆ ಪರರದು.

ಕೊರಿಯಾದವರು ಬೇರೆ ದಾರಿ ಹಿಡಿದರು. 1996ರಲ್ಲಿ ನೆಕ್ಸನ್ ಎಂಬ ಹೊಸ ಕಂಪನಿ ‘ಗಾಳಿಯ ನಾಡು’ ಎಂಬರ್ಥದ ಹೆಸರಿನ ಆನ್‌ಲೈನ್ ಆಟ ಮಾಡಿತು. ಕಥೆ ಅವರದೇ ಪ್ರಾಚೀನ ರಾಜ್ಯದ್ದು, ಆಧಾರ ಅವರದೇ ಚಿತ್ರಕಥೆ, ಭಾಷೆ ಕೊರಿಯನ್. ಕ್ಲಾಸ್ ನಾಲ್ಕೇ. ನಾಲ್ಕನೆಯವನು ಅವರ ಮಾತಿನಲ್ಲಿ ‘ದೋಸಾ’. ನಗಬೇಡಿ, ಮಸಾಲೆಯದಲ್ಲ, ದಾವೊ ಮಾರ್ಗದ ಸಾಧಕ ಎಂದರ್ಥ. ಅದೇ ಆಟ ಅಮೆರಿಕಕ್ಕೆ ಹೋದಾಗ ಆ ಸಾಧಕನಿಗೆ ಇಂಗ್ಲಿಷಿನಲ್ಲಿ ಪದ ಸಾಲದೆ ‘ಪೊಯೆಟ್’ ಎಂದು ಕರೆದರು. ಮೊದಲು ತಾಯ್ನುಡಿಯಲ್ಲಿ ಹುಟ್ಟಿತು, ಆಮೇಲೆ ಪರಭಾಷೆಯವರು ಪದಕ್ಕಾಗಿ ಪರದಾಡಿದರು. ನಾವು ಪಲಾಡಿನ್‌ಗೆ ಕನ್ನಡ ಪದ ಹುಡುಕುತ್ತ ಕೂರುವುದು ಇದರ ತಲೆಕೆಳಗು.

ಸರಿ, ನಮ್ಮದನ್ನು ಕಟ್ಟುವುದು ಹೇಗೆ? ಅದಕ್ಕೇ ನಾನು ಸರಗೂರಿಗೆ ಬಂದದ್ದು.

ಇಲ್ಲಿಂದ ಕಾಕನಕೋಟೆ ಎಷ್ಟು ದೂರ? ಹತ್ತೊಂಬತ್ತನೇ ಶತಮಾನದ ಕೊನೆಯಿಂದ 1971ರವರೆಗೆ ಅಲ್ಲಿ ಖೆಡ್ಡಾ ನಡೆಯುತ್ತಿತ್ತು. ಕಾಡಾನೆ ಹಿಂಡನ್ನು ಸುತ್ತುವರಿದು, ಹೊಳೆ ದಾಟಿಸಿ, ದಿಮ್ಮಿಗಳ ದೊಡ್ಡಿಗೆ ನುಗ್ಗಿಸಿ ಹಿಡಿಯುವ ಕೆಲಸ. ಕ್ರೂರವಾದದ್ದು, ನಿಂತದ್ದು ಒಳ್ಳೆಯದೇ ಆಯಿತು. ಆಮೇಲೆ ಕಬಿನಿ ಜಲಾಶಯ ಆ ಸೀಮೆಯ ಎಷ್ಟೋ ನೆಲವನ್ನು ನುಂಗಿತು. ಆದರೆ ಆಟ ಕಟ್ಟುವವನ ಕಣ್ಣಿನಿಂದ ಖೆಡ್ಡಾವನ್ನು ನೋಡಿ. ಹೆಜ್ಜೆ, ಲದ್ದಿ ನೋಡಿ ಹಿಂಡು ಎಲ್ಲಿದೆ ಎಂದು ಹೇಳುವವರು ಬೇರೆ. ತಮಟೆ, ಬೆಂಕಿ ಹಿಡಿದು ಅಟ್ಟುವವರು ಬೇರೆ. ಪಳಗಿದ ಕುಮ್ಕಿ ಆನೆಯ ಕತ್ತಿನ ಮೇಲೆ ಕೂತ ಮಾವುತ ಬೇರೆ. ಅವನ ಆನೆಗೆ ಮೇವು ತಂದು, ಮೈತೊಳೆದು, ಅದರ ಮನಸ್ಸು ಅರಿತ ಕಾವಾಡಿ ಬೇರೆ. ಹಗ್ಗ ಹಿಡಿದು ಕಾಡಾನೆಯ ಕಾಲಿನ ಬಳಿಗೇ ನುಗ್ಗುವ ಗಂಡೆದೆಯವನು ಬೇರೆ. ಇವರಲ್ಲಿ ಒಬ್ಬ ಕೈಕೊಟ್ಟರೆ ಎಲ್ಲರೂ ಕೆಟ್ಟರು! ಕ್ಲಾಸ್ ಪದ್ಧತಿಯ ಒಳಗುಟ್ಟು ಇದೇ. ಒಬ್ಬನ ಬಲ ಇನ್ನೊಬ್ಬನ ಕೊರತೆಯನ್ನು ತುಂಬಬೇಕು. ಎಲ್ಲ ಬಲ್ಲವನೊಬ್ಬ ಇದ್ದರೆ ಮಿಕ್ಕವರು ಆಟ ಬಿಟ್ಟು ಎದ್ದು ಹೋಗುತ್ತಾರೆ.

ಆನೆ ಹಿಡಿಯುವ ಆಟ ನಮಗೆ ಬೇಡ. ಇಂದಿನ ಆಟ ಬೇರೆಯೇ ಇದೆ. ಹೊಲಕ್ಕೆ ಬಂದ ಆನೆಯನ್ನು, ಮನುಷ್ಯನೂ ಸಾಯದೆ ಆನೆಯೂ ಸಾಯದೆ, ಕಾಡಿಗೆ ತಿರುಗಿಸುವುದು. ಅದು ಎಷ್ಟು ಕಷ್ಟ ಎಂದು ನಿಮಗೆ ನಾನು ಹೇಳಬೇಕೆ? 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಅರ್ಜುನ ನಿಮ್ಮ ಬಳ್ಳೆ ಶಿಬಿರದ ಆನೆ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಕಡೆ ಕಾಡಾನೆ ಸೆರೆ ಹಿಡಿಯುವ ಕೆಲಸಕ್ಕೆ ಹೋಗಿ, ಕಾಡಾನೆಯೊಡನೆ ಕಾದಾಡಿ ಪ್ರಾಣ ಬಿಟ್ಟ. ನಾಡೇ ಅತ್ತಿತು. ಡ್ರಾಗನ್ ಬೇಟೆಗಿಂತ ಇದು ಕಡಿಮೆ ಕಥೆಯೇ?

ಈ ಆಟದಲ್ಲಿ ಮಾವುತನಿಗೆ ಆನೆಬಲವಿದೆ. ಆದರೆ ಕಾವಾಡಿ ಕುಸುರೆ ಕಟ್ಟಿ ತಿನ್ನಿಸದಿದ್ದರೆ ಅವನ ಆನೆ ಎರಡು ಹರದಾರಿಗೇ ಸುಸ್ತು. ಕಾಡಿನ ವಾಚರ್‌ಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ, ಎದುರು ನಿಲ್ಲುವ ಶಕ್ತಿಯಿಲ್ಲ. ಅಟ್ಟಣೆಯ ಮೇಲೆ ಕೂತ ಹೊಲದ ಕಾವಲಿನವನಿಗೆ ಟಾರ್ಚು, ತಗಡಿನ ಡಬ್ಬ. ಸದ್ದು ಮಾಡಿದರೆ ಆನೆ ತಿರುಗುತ್ತದೆ, ತಪ್ಪು ಕಡೆಯಿಂದ ಸದ್ದು ಮಾಡಿದರೆ ಊರೊಳಕ್ಕೇ ನುಗ್ಗುತ್ತದೆ. ಗಾಯ ವಾಸಿ ಮಾಡುವ ಪಾತ್ರಕ್ಕೆ ಪ್ರೀಸ್ಟ್ ಏಕೆ? ಸೂಲಗಿತ್ತಿ ಇಲ್ಲವೇ! ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಯಾವ ಪ್ರೀಸ್ಟ್ ಇಷ್ಟು ಜೀವ ಉಳಿಸಿದ್ದಾನೆ? ಹಾಡಿ ಧೈರ್ಯ ತುಂಬುವ ಬಾರ್ಡ್ ಬೇಕೆಂದರೆ ಮಂಟೇಸ್ವಾಮಿ ಕಥೆ ಹೇಳುವ ನೀಲಗಾರರು, ಮಾದಪ್ಪನ ಕಂಸಾಳೆಯವರು ನಮ್ಮ ಮೈಸೂರು ಸೀಮೆಯಲ್ಲೇ ಇದ್ದಾರೆ.

ಇಲ್ಲಿ ಒಂದು ಗುಂಡಿ ಇದೆ, ಹುಷಾರು. ಈ ಮಾತಿಗೇ ನಾನು ಇಷ್ಟು ದೂರ ಬಂದದ್ದು ಎಂದರೂ ಸರಿ. ಬೆಂಗಳೂರಿನಲ್ಲಿ ಎಸಿ ಕೋಣೆಯಲ್ಲಿ ಕೂತವನಿಗೆ ‘ಕನ್ನಡದ ಆಟ ಮಾಡು’ ಎಂದರೆ ಏನು ಮಾಡುತ್ತಾನೆ ಗೊತ್ತೆ? ‘ಜೇನುಕುರುಬ’ ಎಂಬುದನ್ನೇ ಒಂದು ಕ್ಲಾಸ್ ಮಾಡಿ, ಎಲೆ ಉಡಿಸಿ, ಕೈಗೆ ಬಿಲ್ಲು ಕೊಟ್ಟು, ಕಾಡಿನ ಜ್ಞಾನ ಐದು ಹೆಚ್ಚು, ಓದು ಐದು ಕಡಿಮೆ ಎಂದು ಬರೆದುಬಿಡುತ್ತಾನೆ. ಇದು ಕನ್ನಡಾಭಿಮಾನವಲ್ಲ, ಕಂಪ್ಯೂಟರ್ ಒಳಗೆ ಕಟ್ಟಿದ ಜಾತಿ! ಹಾಡಿಯ ಹುಡುಗಿ ಆಟಕ್ಕೆ ಕೂತು ನಾನು ಮಾವುತಳಾಗುತ್ತೇನೆ, ಮದ್ದಿನ ಪಂಡಿತೆಯಾಗುತ್ತೇನೆ ಎಂದರೆ, ‘ಇಲ್ಲಮ್ಮ, ನಿನ್ನ ಹುಟ್ಟಿಗೆ ಇಷ್ಟೇ ಬರೆದಿದೆ’ ಎಂದು ಯಂತ್ರ ಹೇಳಬೇಕೆ?

ಪಾಶ್ಚಾತ್ಯರೂ ಈ ಗುಂಡಿಗೆ ಬಿದ್ದೇ ಎದ್ದವರು. ಈ ಎಲ್ಲ ಆಟಗಳ ಮೂಲಪುರುಷ 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಕಾಗದ, ಪೆನ್ಸಿಲ್, ದಾಳ ಹಿಡಿದು ಆಡುವ ಆಟ. ಅದರಲ್ಲಿ ಕ್ಲಾಸ್ ಮೂರೇ: ಕಾದುವವನು, ಮಂತ್ರ ಬಲ್ಲವನು, ಪೂಜಾರಿ. ಆದರೆ ನೀವು ಕುಳ್ಳರ ಕುಲದಲ್ಲಿ ಹುಟ್ಟಿದರೆ ಕಾದುವವನೇ ಆಗಬೇಕು, ಅದೂ 6ನೇ ಮೆಟ್ಟಿಲಿನವರೆಗೆ ಮಾತ್ರ, ಮೇಲೆ ಹತ್ತುವಂತಿಲ್ಲ. ಮನುಷ್ಯನಾಗಿ ಹುಟ್ಟಿದವನಿಗೆ ಅಂಥ ಅಡ್ಡಿಯಿಲ್ಲ. 1981ರ ಆವೃತ್ತಿಯಲ್ಲಂತೂ ಕುಳ್ಳ ಎನ್ನುವುದೇ ಒಂದು ಕ್ಲಾಸ್, ಹುಟ್ಟೇ ಉದ್ಯೋಗ. ಕೇಳಿದ ಹಾಗಿದೆಯಲ್ಲವೇ? ಯಾವ ಕುಲದವರು ಬೇಕಾದರೂ ಯಾವ ಕ್ಲಾಸನ್ನಾದರೂ ಹಿಡಿಯಬಹುದು, ಎಷ್ಟು ಮೇಲಾದರೂ ಏರಬಹುದು ಎಂದು ಆ ನಿಯಮವನ್ನು ಕಿತ್ತುಹಾಕಿದ್ದು 2000ದಲ್ಲಿ. ಇಪ್ಪತ್ತಾರು ವರ್ಷ ಬೇಕಾಯಿತು.

ಹನ್ನೆರಡನೇ ಶತಮಾನದಲ್ಲೇ ಇದಕ್ಕೆ ಉತ್ತರ ಕೊಟ್ಟ ನಾಡು ನಮ್ಮದು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಆಯ್ದಕ್ಕಿ ಲಕ್ಕಮ್ಮ. ಕೆಲಸದ ಹೆಸರನ್ನೇ ಹೆಮ್ಮೆಯಿಂದ ಹೊತ್ತು, ಒಂದೇ ಮಂಟಪದಲ್ಲಿ ಸರಿಸಮ ಕೂತವರು. ಆದ್ದರಿಂದ ಕ್ಲಾಸ್ ಎಂಬುದಕ್ಕೆ ನಾನು ‘ವರ್ಗ’ ಎನ್ನುವುದಿಲ್ಲ, ಅದು ಸರ್ಕಾರಿ ಅರ್ಜಿಯ ಮಾತು. ‘ಕಾಯಕ’ ಎನ್ನುತ್ತೇನೆ. ಕಾವಾಡಿಯ ಕೆಲಸ ಒಂದು ಕಾಯಕ. ಜೇನುಕುರುಬರು ತಲೆಮಾರುಗಳಿಂದ ಅದನ್ನು ಬಲ್ಲವರು, ಅವರಿಂದ ಕೇಳಿ ಕಲಿತು, ಅವರ ಹೆಸರು ಹೇಳಿ, ಅವರಿಗೆ ಸಲ್ಲುವ ಸಂಬಳ ಕೊಟ್ಟು ಬರೆಯಿರಿ. ಆಟದಲ್ಲಿ ಮಾತ್ರ ಅದನ್ನು ಯಾರು ಬೇಕಾದರೂ ಹಿಡಿಯಲಿ. ಹಾಗೆಯೇ, ಆ ಪಾತ್ರಗಳ ಬಾಯಲ್ಲಿ ರೇಡಿಯೊ ಕನ್ನಡ ತುರುಕಬೇಡಿ. ಇಂಗ್ಲಿಷಿನವರಿಂದ ನಾವು ಕೇಳುವ ಮರ್ಯಾದೆಯನ್ನು ಜೇನುನುಡಿಗೆ ನಾವೂ ಕೊಡಬೇಕು.

ಕಾಯಕಗಳ ಪಟ್ಟಿ ಬೆಳೆಸುವ ವಿಚಾರ. ಹುಡುಗರಿಗೆ ಇಲ್ಲಿ ಆತುರ ಜಾಸ್ತಿ, ಮೊದಲ ದಿನವೇ ಮೂವತ್ತು ಬೇಕು! ಲೆಕ್ಕ ಹಾಕಿ. ಒಂಬತ್ತು ಕಾಯಕವಿದ್ದರೆ ಇಬ್ಬಿಬ್ಬರ ಜೋಡಿ 36. ಹದಿಮೂರಾದರೆ 78. ಪ್ರತಿ ಜೋಡಿಯನ್ನೂ ಆಡಿಸಿ, ಒಬ್ಬ ಇನ್ನೊಬ್ಬನನ್ನು ನುಂಗುತ್ತಾನೆಯೇ ಎಂದು ನೋಡಬೇಕು. ವಾರ್‌ಕ್ರಾಫ್ಟ್‌ನವರು ಒಂಬತ್ತರಿಂದ ಹದಿಮೂರಕ್ಕೆ ಹೋಗಲು 2004ರಿಂದ 2022ರವರೆಗೆ ತೆಗೆದುಕೊಂಡರು, 2008, 2012, 2016, 2022ರಲ್ಲಿ ಒಂದೊಂದು. ಮೊದಲಿಗೆ ಪಲಾಡಿನ್ ಒಂದು ಪಕ್ಷಕ್ಕೆ, ಶಾಮನ್ ಎದುರು ಪಕ್ಷಕ್ಕೆ ಮಾತ್ರ ಎಂದಿದ್ದರು. ತೂಗಿಸಲಾರದೆ 2007ರಲ್ಲಿ ಎರಡನ್ನೂ ಇಬ್ಬರಿಗೂ ಕೊಟ್ಟರು. ಹೊಸ ಕಾಯಕ ತರುವ ಮುನ್ನ ಕೇಳಬೇಕಾದದ್ದು, ಇದಿಲ್ಲದೆ ಯಾವ ಕೆಲಸ ನಿಂತಿದೆ? ನಿಂತಿಲ್ಲವಾದರೆ ಅದು ಹಳಬನಿಗೆ ಹೊಸ ಅಂಗಿ ಅಷ್ಟೇ. ಕಾಯಕವನ್ನು ಮೊದಲೇ ಕಟ್ಟಿಹಾಕದ ದಾರಿಯೂ ಇದೆ. 1997ರ ‘ಅಲ್ಟಿಮಾ ಆನ್‌ಲೈನ್’ನಲ್ಲಿ ಕ್ಲಾಸೇ ಇರಲಿಲ್ಲ, ಯಾವ ಕೆಲಸ ಮಾಡುತ್ತೀಯೋ ಅದರಲ್ಲಿ ಪಳಗುತ್ತೀಯೆ. ನನಗೆ ಅದು ಹೆಚ್ಚು ಇಷ್ಟ. ಆದರೆ ಹೊಸ ಆಟಗಾರ ದಿಕ್ಕು ತೋಚದೆ ನಿಲ್ಲುತ್ತಾನೆ ಎನ್ನುವುದೂ ನಿಜ.

ಇನ್ನು ಅಕ್ಷರ. ಯುನಿಕೋಡಿನಲ್ಲಿ ಕನ್ನಡ 1991ರಿಂದ ಇದೆ. ಆದರೂ ಹಲವು ಆಟಗಳಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಉದುರುತ್ತದೆ. ಯೂನಿಟಿಯಲ್ಲಿ ಬಹುಕಾಲದಿಂದ ಬಳಸುವ ಟೆಕ್ಸ್ಟ್‌ಮೆಷ್ ಪ್ರೊಗೆ ನಮ್ಮ ಲಿಪಿಯ ಜೋಡಣೆ ಬಾರದು. 2023ರಲ್ಲಿ ಬಂದ ಗೋಡೋ 4ಕ್ಕೆ ಬರುತ್ತದೆ, ಅದು ಬಿಟ್ಟಿಯಾಗಿ ಸಿಗುತ್ತದೆ. ಆದ್ದರಿಂದ ‘ಕನ್ನಡ ಕಂಪ್ಯೂಟರಿಗೆ ಒಗ್ಗುವುದಿಲ್ಲ’ ಎಂಬ ನೆಪ ಸತ್ತುಹೋಗಿದೆ, ಹೂಳಿಬಿಡಿ. ಸರ್ಕಾರಕ್ಕೂ ಒಂದು ಮಾತು. ಆನಿಮೇಶನ್, ಗೇಮಿಂಗ್‌ಗೆಂದು 2012ರಲ್ಲೇ ನೀತಿ ತಂದಿರಿ, 2024ರಲ್ಲಿ ಹೊಸದು ತಂದಿರಿ, ಸಂತೋಷ. ನಾಡಿನ ಬೊಕ್ಕಸದಿಂದ ಒಂದು ರೂಪಾಯಿ ನೆರವು ಪಡೆದ ಆಟವೂ ಮೊದಲ ದಿನದಿಂದ ಕನ್ನಡದಲ್ಲಿರಬೇಕು. ಇದು ನಮ್ಮ ಬೇಡಿಕೆ.

ಕಂಪ್ಯೂಟರ್ ಇಲ್ಲ, ದುಡ್ಡಿಲ್ಲ ಎನ್ನುವಿರಾ? ಮೂಲ ಆಟವೇ ಕಾಗದದ್ದು ಎಂದೆನಲ್ಲ. ಅವರ ಇಪ್ಪತ್ತು ಮುಖದ ದಾಳ ನಮಗೆ ಬೇಡ, ಚೌಕಾಬಾರದ ನಾಲ್ಕು ಕವಡೆ ಸಾಕು. ಆ ದಾಳದಲ್ಲಿ ಒಂದೂ ಇಪ್ಪತ್ತೂ ಬೀಳುವ ಸಂಭವ ಒಂದೇ. ಕವಡೆ ಹಾಗಲ್ಲ. ಎರಡು ಮಗ್ಗುಲಿಗೂ ಸಮ ಬೀಳುತ್ತದೆಂದು ಹಿಡಿದರೆ, ಹದಿನಾರು ಸಲಕ್ಕೆ ಆರು ಸಲ ಎರಡು ಕವಡೆ ಅಂಗಾತ. ನಾಲ್ಕೂ ಅಂಗಾತ ಒಂದೇ ಸಲ, ನಾಲ್ಕೂ ಮಗುಚಿ ಒಂದೇ ಸಲ. ಪಳಗಿದ ಕಾವಾಡಿಯ ಕೈ ಅಪರೂಪಕ್ಕೆ ತಪ್ಪುತ್ತದಲ್ಲ, ಹಾಗೆ. ಐದೇ ಕಾಯಕ ಬರೆದುಕೊಳ್ಳಿ, ಪ್ರತಿಯೊಂದಕ್ಕೂ ಒಂದು ಬಲ, ಒಂದು ಕೊರತೆ, ಅವನು ಯಾರನ್ನು ನೆಚ್ಚಿದ್ದಾನೆ ಎಂಬುದು. ಜೋಡಿ ಹತ್ತೇ ಆಗುತ್ತದೆ, ಒಂದು ಭಾನುವಾರದಲ್ಲಿ ಆಡಿ ಮುಗಿಸಬಹುದು. ಹೊಲದ ಕಾವಲಿನವನಿಗೆ ತಗಡಿನ ಡಬ್ಬದ ಜೊತೆ ಪಟಾಕಿ ಕೊಡಬೇಕೋ ಬೇಡವೋ ಎಂಬುದು ನನಗೂ ತೀರ್ಮಾನವಾಗಿಲ್ಲ. ಕೊಟ್ಟರೆ ಮಾವುತನ ಆನೆಯೂ ಬೆದರುತ್ತದೆ. ನೀವು ಆಡಿ ನೋಡಿ ಬರೆದು ಕಳಿಸಿ.